ಇಬ್ಬರೂ ಗೊಣಗಿದ ಮಾತು

"ಹಾಗಾದ್ರೆ ನಿಮ್ಮ ತಾತ ಸುಳ್ಳು ಬರೆದಿದ್ದಾರೆ ಅಂತೀರಾ?"

ಹೊರಗಿನಿಂದ ಬಂದ ಪರೀಕ್ಷಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮಾಜಿ ಮಂತ್ರಿ ತಾತ ಇಸ್ತ್ರಿ ಮುರಿಯದ ಬಿಳಿ ಅಂಗಿ ತೊಟ್ಟು, ಊರುಗೋಲಿನ ಮೇಲೆ ಗದ್ದ ಊರಿ ಸಭಾಂಗಣದ ಕೊನೆಯ ಸಾಲಿನಲ್ಲಿ ಕೂತಿದ್ದರು. ಬರಬೇಡಿ ಅಂದರೂ ಬಂದಿದ್ದರು. ಮೊಮ್ಮಗಳು ವರ್ಷಗಟ್ಟಲೆ ಬೆವರು ಸುರಿಸಿ ಬರೆದ ಪಿಎಚ್.ಡಿ. ಪ್ರಬಂಧ ಈ ಒಂದು ಉತ್ತರದ ಮೇಲೆ ನಿಂತಿತ್ತು. ಉತ್ತರ ಕೊಟ್ಟ ಮೇಲೆ ತಾತನ ಜೊತೆ ಮನೆಗೂ ಹೋಗಬೇಕಿತ್ತು.

ಗಿರಣಿ ಮುಷ್ಕರದ ದಿನ ಪೊಲೀಸರು ಬಂದೂಕು ಎತ್ತಿದ್ದರು, ಗುಂಡು ಮಾತ್ರ ಹಾರಲಿಲ್ಲ. ರೊಚ್ಚಿಗೆದ್ದ ಜನರನ್ನು ಕೂರಿಸಿ ಅದನ್ನು ತಪ್ಪಿಸಿದ್ದು ನಾನೇ ಎಂದು ತಾತ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದರು. ಅಲ್ಲ, ನಾನೇ ಎಂದು ಅವರ ಬದ್ಧವೈರಿ, ವಿರೋಧ ಪಕ್ಷದ ನಾಯಕರು ತಮ್ಮದರಲ್ಲಿ ಬರೆದಿದ್ದರು.

"ಸುಳ್ಳು ಅನ್ನಲ್ಲ ಸರ್," ಎಂದಳು. "ಇಬ್ರೂ ತಮ್ಮ ಬೆನ್ನು ತಾವೇ ತಟ್ಕೊಂಡ ಕಡೆ ಅನುಮಾನ ಪಟ್ಟೆ. ಗೊಣಗಿದ ಕಡೆ ಕಿವಿಗೊಟ್ಟೆ. ನೂಲುವ ವಿಭಾಗದ ಹೆಂಗಸೊಬ್ಬಳು ಮೈಕು ಬಿಡ್ಲೇ ಇಲ್ಲ, 'ಕೂತ್ಕೊಳ್ಳಿ, ಕೂತ್ಕೊಳ್ಳಿ' ಅಂತ ಕೂಗ್ತಾನೇ ಇದ್ಲು, ನಂಗೆ ಎರಡು ಮಾತಾಡೋಕೂ ಆಗ್ಲಿಲ್ಲ ಅಂತ ತಾತ ಬರೆದಿದ್ದಾರೆ. ಆ ನಾಯಕರದ್ದೂ ಅದೇ ದೂರು. ಹೀಗೆ ಬರೆದು ಇಬ್ರಿಗೂ ಮೂರು ಕಾಸಿನ ಲಾಭ ಇಲ್ಲ, ನಷ್ಟಾನೇ. ಹಾಗಿದ್ದೂ ಬರೆದಿದ್ದಾರಲ್ಲ, ಅದನ್ನ ನಂಬಬಹುದು. ಜನರನ್ನ ಕೂರಿಸಿದ್ದು ಅವಳು."

"ಒಬ್ಬರದ್ದನ್ನ ನೋಡಿ ಇನ್ನೊಬ್ಬರು ಬರೆದಿರಬಹುದಲ್ಲ?"

"ಎರಡೂ ಪುಸ್ತಕ ಒಂದೇ ತಿಂಗಳಲ್ಲಿ ಬಂದಿವೆ ಸರ್. ಅದೂ ಅಲ್ದೆ..."

"ಅವನ ಪುಸ್ತಕಾನ ನಾನು ಕೈಯಲ್ಲೂ ಮುಟ್ಟಿಲ್ಲ ಕಣ್ರೀ!"

ಕೊನೆಯ ಸಾಲಿನಿಂದ ಬಂದ ಗುಡುಗಿಗೆ ಇಡೀ ಸಭಾಂಗಣ ಗೊಳ್ಳೆಂದಿತು. ತಾನು ತನ್ನ ವಿರುದ್ಧವೇ ಸಾಕ್ಷಿ ನುಡಿದೆನೆಂದು ತಾತನಿಗೆ ಹೊಳೆಯಲು ಒಂದು ಗಳಿಗೆ ಹಿಡಿಯಿತು. ಹುಬ್ಬು ಗಂಟಿಕ್ಕಿದರು, ಮೊಮ್ಮಗಳನ್ನು ದಿಟ್ಟಿಸಿದರು. ಆಮೇಲೆ ಹೊಟ್ಟೆ ಕುಲುಕುವಂತೆ ತಾವೂ ನಕ್ಕುಬಿಟ್ಟರು.

"ಅಬ್ಬಾ, ಏನು ಗಂಟಲು ಆ ಮೈಕಿನ ತಾಯೀದು!" ಎಂದರು.

ಪರೀಕ್ಷಕರು ಎದ್ದು ಕೈ ಚಾಚಿದರು. "ಇನ್ನು ಕೇಳೋದೇನೂ ಉಳಿದಿಲ್ಲ, ಡಾಕ್ಟರಮ್ಮ. ಅಭಿನಂದನೆ." ಚಪ್ಪಾಳೆ ಮೊಳಗಿತು. ಕಾಲು ನೆಲದ ಮೇಲಿದೆಯೋ ಇಲ್ಲವೋ ಎಂಬುದೂ ಅವಳಿಗೆ ತಿಳಿಯಲಿಲ್ಲ. ಕೈಕುಲುಕುವವರ ನಡುವೆ ಹೇಗೋ ದಾರಿ ಮಾಡಿಕೊಂಡು ಬಾಗಿಲಿಗೆ ಬಂದಳು.

ಯಾವ ಸಭೆಯಿಂದಲಾದರೂ ಎಲ್ಲರಿಗಿಂತ ಮೊದಲು ಹೊರಬೀಳುತ್ತಿದ್ದ ತಾತ, ಮುಚ್ಚಿಕೊಳ್ಳುತ್ತಿದ್ದ ಬಾಗಿಲನ್ನು ಬೆನ್ನಿನಿಂದ ಒತ್ತಿ ಹಿಡಿದು ನಿಂತಿದ್ದರು.

"ನಡಿ ಮಗಳೇ," ಎಂದರು, "ನೀನು ಮುಂದೆ."