ಸಿದ್ದಗಂಗಮ್ಮನ ಒಪ್ಪಿಗೆ

ಪಂಚಾಯಿತಿಯವರು ಶಾಲೆಯ ಗೋಡೆಗೆ ಆ ನೋಟೀಸು ಅಂಟಿಸಿ ಹೋದದ್ದು ಗುರುವಾರ ಮಧ್ಯಾಹ್ನ. ಮಕ್ಕಳೆಲ್ಲ ಉಂಡು ಎದ್ದಿದ್ದರು. ಸಿದ್ದಗಂಗಮ್ಮ ಸಾರಿನ ಪಾತ್ರೆ ತೊಳೆದು ಬೋರಲು ಹಾಕಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಗೋಡೆಯ ಹತ್ತಿರ ಬಂದಳು. ನಾಲ್ಕನೇ ಕ್ಲಾಸಿನವರೆಗೆ ಕಲಿತವಳು. ಅಕ್ಷರದ ಕೆಳಗೆ ಬೆರಳಿಟ್ಟು ನಿಧಾನವಾಗಿ ಓದಿದಳು. ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಇದೇ ಶಾಲೆಯಲ್ಲಿ ಗ್ರಾಮಸಭೆ. ಅಂಗವಿಕಲ ಮಾಸಾಶನಕ್ಕೆ ಅರ್ಜಿ ಹಾಕಿದವರ ಹೆಸರು ಮತ್ತು ಅಂಗವಿಕಲತೆಯ ವಿವರವನ್ನು ಸಭೆಯಲ್ಲಿ ಓದಿ, ಆಕ್ಷೇಪಣೆ ಕೇಳಲಾಗುವುದು.

‘ವಿವರ’ ಎಂಬಲ್ಲಿ ಅವಳ ಬೆರಳು ನಿಂತಿತು.

ಬಾಳೂರಿನಿಂದ ಎರಡು ಮೈಲಿ ಒಳಗಿನ ಆ ಊರಿನಲ್ಲಿ ಸಿದ್ದಗಂಗಮ್ಮನಿಗೆ ಒಂದು ಎಕರೆ ಕಾಫಿ, ಒಂದು ಹೆಂಚಿನ ಮನೆ ಇತ್ತು. ಗಂಡ ತೀರಿಕೊಂಡು ಆರು ವರ್ಷ. ಬಿಸಿಯೂಟ ಶುರುವಾದ ದಿನದಿಂದ ಶಾಲೆಯ ನಲವತ್ತೆರಡು ಮಕ್ಕಳಿಗೆ ಅಡುಗೆ ಮಾಡುತ್ತಿದ್ದವಳು ಅವಳೇ. ಅವಳ ಎಡಗಾಲಿನಲ್ಲಿ ಎರಡು ಬೆರಳು ಇರಲಿಲ್ಲ. ಸೌದೆ ಸೀಳುವಾಗ ಕೊಡಲಿ ಬಿತ್ತು ಎಂದು ಊರು ನಂಬಿತ್ತು. ನಿಜ ಬೇರೆ. ಹನ್ನೆರಡು ವರ್ಷದ ಹಿಂದೆ ಅವಳ ಮೈಮೇಲೆ ಸ್ಪರ್ಶ ತಿಳಿಯದ ಮಚ್ಚೆಗಳು ಕಾಣಿಸಿಕೊಂಡಾಗ, ಗಂಡ ಯಾರಿಗೂ ಹೇಳದೆ ಅವಳನ್ನು ಘಟ್ಟದ ಕೆಳಗಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದ. ಕುಷ್ಠ ಎಂದಿದ್ದರು ಡಾಕ್ಟರು. ಮಾತ್ರೆ ನುಂಗಿ ಪೂರ್ತಿ ಗುಣವಾಗಿ ಬಂದಳು. ಬೆರಳು ಹೋದದ್ದು ಹೋಗಿತ್ತು, ಪಾದಕ್ಕೆ ಸ್ಪರ್ಶಜ್ಞಾನ ಮರಳಲಿಲ್ಲ. ಗಂಡನ ನಂತರ ಆ ಹೆಸರು ಗೊತ್ತಿದ್ದದ್ದು ಆರೋಗ್ಯ ಉಪಕೇಂದ್ರದ ನರ್ಸ್ ಸರೋಜಮ್ಮನಿಗೆ ಮಾತ್ರ.

ಹೋದ ಮಳೆಗಾಲದಲ್ಲಿ ಒಲೆಯಿಂದ ಕೆಂಡವೊಂದು ಅವಳ ಪಾದದ ಮೇಲೆ ಉರುಳಿತು. ಚರ್ಮ ಸುಟ್ಟ ವಾಸನೆ ಬಂದ ಮೇಲೇ ಅವಳಿಗೆ ತಿಳಿದದ್ದು. ಆ ಗಾಯ ಮಾಯಲೇ ಇಲ್ಲ. ಇಡೀ ದಿನ ನಿಂತು ಕೆಲಸ ಮಾಡಬಾರದು, ಹೀಗೇ ಬಿಟ್ಟರೆ ಕಾಲು ತೆಗೆಯಬೇಕಾದೀತು ಎಂದು ಡಾಕ್ಟರು ಹೆದರಿಸಿದರು. ಮಾಸಾಶನದ ಅರ್ಜಿ ಹಾಕಿಸಿದವಳು ಸರೋಜಮ್ಮ.

“ಕಾಯಿಲೆ ಹೆಸರು ಬರೀಲೇಬೇಕಾ?” ಎಂದು ಸಿದ್ದಗಂಗಮ್ಮ ಕೇಳಿದ್ದಳು.

“ಸರ್ಟಿಫಿಕೇಟಲ್ಲಿ ಇದ್ದ ಹಾಗೇ ಬರೀಬೇಕು ಮಾರಾಯ್ತಿ. ಆಫೀಸಿನವರು ಬಿಟ್ರೆ ಅದನ್ನ ಯಾರು ನೋಡ್ತಾರೆ?” ಎಂದಿದ್ದಳು ಸರೋಜಮ್ಮ. ಹೊರಗೆ ಸರೋಜಮ್ಮನಿಗಾಗಿ ಕಾಯುತ್ತಿದ್ದ ಜೀಪಿನವನು ಒಂದೇ ಸಮನೆ ಹಾರನ್ ಹೊಡೆಯುತ್ತಿದ್ದ. ಸಿದ್ದಗಂಗಮ್ಮ ತೋರಿಸಿದ ಕಡೆ ಸಹಿ ಹಾಕಿದ್ದಳು.

ಶುಕ್ರವಾರ ಮಕ್ಕಳಿಗೆ ಬಡಿಸಿದ್ದೇ ತಡ, ಪಾತ್ರೆಗಳನ್ನು ಹಾಗೇ ಬಿಟ್ಟು ಜೀಪು ಹತ್ತಿದಳು. ಕೊಟ್ಟಿಗೆಹಾರದಲ್ಲಿ ಇಳಿದು ಬಸ್ಸು ಹಿಡಿದು ಮೂಡಿಗೆರೆ ತಾಲ್ಲೂಕು ಆಫೀಸು ಮುಟ್ಟುವಾಗ ನಾಲ್ಕೂಕಾಲು. ಮಾಸಾಶನದ ಗುಮಾಸ್ತ ಬಸವರಾಜಪ್ಪನವರು ಕಡತಗಳಿಗೆ ದಾರ ಸುತ್ತುತ್ತಿದ್ದರು. ವಯಸ್ಸಾದ ಮನುಷ್ಯ, ಕನ್ನಡಕದ ಒಂದು ಕಡ್ಡಿಗೆ ನೂಲು ಕಟ್ಟಿಕೊಂಡಿದ್ದರು.

“ನನ್ನ ಅರ್ಜಿ ವಾಪಸ್ ಬೇಕು ಸಾರ್,” ಎಂದಳು.

ಅವರು ಹೆಸರು ಕೇಳಿ, ಕಟ್ಟು ಬಿಚ್ಚಿ, ಅರ್ಜಿ ಹುಡುಕಿ ತೆಗೆದರು. ಅದರ ಮೇಲೆ ಕಣ್ಣಾಡಿಸಿದವರು ತಲೆಯೆತ್ತಿ ಅವಳನ್ನು ನೋಡಿ, ದನಿ ತಗ್ಗಿಸಿದರು. “ಯಾಕಮ್ಮ? ಇದು ಸಿಗೋ ಕೇಸೇ. ಡಾಕ್ಟರ ಸರ್ಟಿಫಿಕೇಟು ಸರಿಯಾಗಿದೆ.”

“ನಾಳೆ ಸಭೇಲಿ ಓದ್ತಾರಂತೆ. ನಾನು ಆ ಶಾಲೇಲಿ ಮಕ್ಕಳಿಗೆ ಅಡುಗೆ ಮಾಡೋಳು.”

ಬಸವರಾಜಪ್ಪ ಅರ್ಜಿಯನ್ನು ಅವಳ ಕಡೆ ತಿರುಗಿಸಿ, ಸಹಿಯ ಮೇಲಿದ್ದ ಸಣ್ಣ ಅಕ್ಷರದ ಸಾಲು ತೋರಿಸಿದರು. ಮೇಲ್ಕಂಡ ವಿವರಗಳನ್ನು ಪರಿಶೀಲನೆಗೆ ಬಳಸಲು ಮತ್ತು ಸಾರ್ವಜನಿಕವಾಗಿ ಪ್ರಕಟಿಸಲು ನನ್ನ ಪೂರ್ಣ ಒಪ್ಪಿಗೆ ಇರುತ್ತದೆ.

“ನೀವೇ ಒಪ್ಪಿದ್ದೀರಿ.”

“ಸರ್ಕಾರ ನೋಡಲಿ ಅಂತ ಸಹಿ ಹಾಕಿದ್ದು ಸಾರ್. ಊರಿಗೆಲ್ಲ ಓದಿ ಅಂತಲ್ಲ.”

“ಸುಳ್ಳು ಅರ್ಜಿ ಬರಬಾರ್ದು ಅಂತ ಓದಿಸ್ತಾರೆ. ಲಿಸ್ಟು ಬೆಳಿಗ್ಗೆನೇ ನಿಮ್ಮ ಪಂಚಾಯಿತಿಗೆ ಹೋಗಿಯಾಯ್ತು. ಅದನ್ನ ಬದಲಿಸೋ ಅಧಿಕಾರ ಇರೋ ಸಾಹೇಬರು ಬರೋದು ಸೋಮವಾರ.” ಹಾಗೆಂದು ಮೇಜಿನ ಖಾನೆಯಿಂದ ಎರಡು ಬಿಳಿ ಹಾಳೆ ತೆಗೆದು ಮಧ್ಯೆ ಕಾರ್ಬನ್ ಇಟ್ಟುಕೊಟ್ಟರು. “ಬರೀರಿ. ಪ್ರಕಟಣೆಗೆ ಕೊಟ್ಟ ಒಪ್ಪಿಗೆ ವಾಪಸ್ ತಗೊಂಡಿದೀನಿ ಅಂತ. ನಕಲಿಗೆ ಸೀಲು ಹಾಕಿ ಕೊಡ್ತೀನಿ. ನಿಮ್ಮ ಪಂಚಾಯಿತಿ ಕಾರ್ಯದರ್ಶಿ ಕೇಳಿದ್ರೆ ಕೇಳಿದ, ಇಲ್ಲ ಅಂದ್ರೆ ಇಲ್ಲ.”

ಅಕ್ಷರಕ್ಕೆ ಅಕ್ಷರ ಕೂಡಿಸಿ ನಾಲ್ಕು ಸಾಲು ಬರೆಯಲು ಅವಳಿಗೆ ಅರ್ಧ ಗಂಟೆ ಹಿಡಿಯಿತು. ಬಸವರಾಜಪ್ಪ ಕೌಂಟರಿನ ಕಿಟಕಿ ಮುಚ್ಚದೆ ಕಾದರು.

ಶನಿವಾರ ಶಾಲೆಯ ದೊಡ್ಡ ಕೋಣೆ ತುಂಬಿತ್ತು. ಕೊಯ್ಲು ಮುಗಿದಿತ್ತು, ಜನಕ್ಕೆ ಬಿಡುವಿತ್ತು. ಸಭೆಗೆ ಕಾಫಿ ಕಾಯಿಸುವ ಕೆಲಸವನ್ನೂ ಸಿದ್ದಗಂಗಮ್ಮನಿಗೇ ವಹಿಸಿದ್ದರು. ಶುರುವಾಗುವ ಮೊದಲೇ ಅವಳು ಕಾರ್ಯದರ್ಶಿ ಪ್ರಶಾಂತನಿಗೆ ಸೀಲು ಹಾಕಿದ ನಕಲು ತೋರಿಸಿದಳು. ಕೆಲಸಕ್ಕೆ ಸೇರಿ ವರ್ಷವೂ ಆಗದ ಹುಡುಗ ಅವನು. ಓದಿ, ಬೆವರು ಒರೆಸಿಕೊಂಡ.

“ತಾಲ್ಲೂಕಿಂದ ಬಂದ ಲಿಸ್ಟಿದು. ಒಂದು ಹೆಸರು ಬಿಟ್ಟೆ ಅಂದ್ರೆ ನಾಳೆ ನನ್ನ ಮೇಲೇ ದೂರು ಹೋಗ್ತದೆ.”

“ಹೆಸರು ಬಿಡಬೇಡಿ. ಕಾಯಿಲೆ ಬಿಡಿ.”

ಅವನು ಪಂಚಾಯಿತಿ ಅಧ್ಯಕ್ಷರ ಪಕ್ಕ ಹೋಗಿ ಕೂತ.

ಬೀದಿದೀಪ, ನೀರಿನ ಪೈಪು, ಬಾಳೂರಿನ ರಸ್ತೆ, ಎಲ್ಲದಕ್ಕೂ ಗಲಾಟೆಯಾಯಿತು. ಸಿದ್ದಗಂಗಮ್ಮ ಲೋಟ ಹಂಚುತ್ತಲೇ ಇದ್ದಳು. ಪ್ರಶಾಂತ ಕೊನೆಗೆ ಆ ಹಾಳೆ ಎತ್ತಿಕೊಂಡಾಗ ಅವಳು ಬಾಗಿಲ ಬಳಿ ಕೆಟಲು ಹಿಡಿದು ನಿಂತಿದ್ದಳು.

“ಒಂದು. ತಿಮ್ಮಮ್ಮ. ದೃಷ್ಟಿದೋಷ. ಯಾರದಾದ್ರೂ ಆಕ್ಷೇಪಣೆ?” ಇರಲಿಲ್ಲ. “ಎರಡು. ರೇವಣ್ಣ. ಬುದ್ಧಿಮಾಂದ್ಯ.”

ಹಿಂದಿನಿಂದ ಯಾರೋ, “ಅದಕ್ಕೆ ಸರ್ಟಿಫಿಕೇಟು ಬೇರೆ ಬೇಕಾ ಮಾರಾಯ?” ಎಂದರು. ಕೋಣೆ ನಕ್ಕಿತು. ರೇವಣ್ಣನೂ ಅಲ್ಲೇ ಇದ್ದ. ಎಲ್ಲರೂ ನಗುವುದನ್ನು ನೋಡಿ ಅವನೂ ನಕ್ಕ. ಅವನ ಪಕ್ಕದಲ್ಲಿದ್ದ ತಾಯಿ ಸಾವಿತ್ರಮ್ಮ ನೆಲ ನೋಡುತ್ತ ಕೂತಿದ್ದಳು.

“ಮೂರು. ಸಿದ್ದಗಂಗಮ್ಮ...”

“ಓದಬೇಡಿ.”

ಎಲ್ಲರೂ ಬಾಗಿಲ ಕಡೆ ತಿರುಗಿದರು. ಕೆಟಲಿನಿಂದ ಕಾಫಿ ಅವಳ ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು. ಅದು ಅವಳಿಗೆ ಗೊತ್ತಿರಲಿಲ್ಲ.

“ನನ್ನ ವಿವರ ಓದೋಕೆ ನನ್ನ ಒಪ್ಪಿಗೆ ಇಲ್ಲ,” ಎಂದಳು. “ಬರೆದು ಕೊಟ್ಟಿದೀನಿ.”

ಅಧ್ಯಕ್ಷರು ಮುಖ ಗಂಟಿಕ್ಕಿದರು. “ಇದೊಳ್ಳೆ ಕಥೆ ಆಯ್ತಲ್ಲ. ಸರ್ಕಾರದ ದುಡ್ಡು ಬೇಕು, ಯಾಕೆ ಅಂತ ಊರು ಕೇಳಬಾರ್ದಾ? ಓದದೆ ಇದ್ರೆ ಅರ್ಜಿ ವಜಾ ಆಗ್ತದೆ, ತಿಳ್ಕೊಳ್ಳಿ.”

“ಆಗಲಿ.”

ಅಷ್ಟರಲ್ಲಿ ಮುದ್ದಮ್ಮ ಎದ್ದಳು. ಅವಳ ಇಬ್ಬರು ಮಕ್ಕಳು ಅದೇ ಶಾಲೆಗೆ ಬರುತ್ತಿದ್ದರು. “ದುಡ್ಡು ಹೋದ್ರೂ ಅಡ್ಡಿಲ್ಲ ಅಂತ ಮುಚ್ಚಿಡೋ ಅಂಥದ್ದು ಎಂಥದು ಅದು? ನಮ್ಮ ಮಕ್ಕಳು ಇವರ ಕೈಯಲ್ಲಿ ಊಟ ಮಾಡ್ತವೆ. ಓದಿ ಕಾರ್ಯದರ್ಶಿಗಳೇ, ಕೇಳಣ.”

“ಓದಿ, ಓದಿ,” ಎಂದು ಎರಡು ಮೂರು ದನಿ ಸೇರಿಕೊಂಡವು. ಪ್ರಶಾಂತನ ಕಣ್ಣು ಹಾಳೆಯ ಮೇಲೆ ಆ ಹೆಸರಿನ ಮುಂದಿನ ಅಂಕಣಕ್ಕೆ ಹೋಯಿತು. ಅವನು ಅದನ್ನು ಓದಿಕೊಂಡದ್ದನ್ನು ಸಿದ್ದಗಂಗಮ್ಮ ಕಂಡಳು. ಅವನ ತುಟಿ ತೆರೆಯಿತು.

“ಓದಿದ್ರೆ ನಮ್ಮ ರೇವಣ್ಣನ ಹೆಸರೂ ಹೊಡೆದು ಹಾಕಿ.” ಸಾವಿತ್ರಮ್ಮ ಎದ್ದು ನಿಂತಿದ್ದಳು. ಸಭೆಯಲ್ಲಿ ಎಂದೂ ಬಾಯಿ ಬಿಡದ ಹೆಂಗಸು. “ನನ್ನ ಮಗನದ್ದು ಓದಿದ್ರಿ, ನಕ್ಕಿದ್ರಿ. ಅವನೂ ಕೂತು ನಕ್ಕ. ನಾ ಏನು ನಗೋದಕ್ಕೆ ಅರ್ಜಿ ಕೊಟ್ಟಿದ್ನಾ? ಕಾಯಿಲೆ ನಿಜ ಹೌದೋ ಅಲ್ವೋ ಅಂತ ಡಾಕ್ಟರು ಹೇಳಿ ಆಗಿದೆ. ನಿಮ್ಮನ್ನ ಮತ್ತೆ ಯಾಕೆ ಕೇಳಬೇಕು?”

ನಕ್ಕವರು ಹೊರಗೆ ನೋಡಿದರು. ಪ್ರಶಾಂತ ಹಾಳೆಯನ್ನು ಉದ್ದಕ್ಕೆ ಮಡಿಚಿದ. ಹೆಸರುಗಳು ಒಂದು ಕಡೆ ಉಳಿದವು, ವಿವರ ಹಿಂದೆ ಹೋಯಿತು. “ಮೂರು. ಸಿದ್ದಗಂಗಮ್ಮ. ಅರ್ಜಿದಾರರು ಪ್ರಕಟಣೆಗೆ ಒಪ್ಪಿಲ್ಲ ಅಂತ ಬರ್ಕೊಳ್ತೀನಿ,” ಎಂದು, ಅಧ್ಯಕ್ಷರ ಮುಖ ನೋಡದೆ ಮುಂದಿನ ಹೆಸರಿಗೆ ಹೋದ. ಉಳಿದವರ ಕಾಯಿಲೆಗಳನ್ನೂ ಅವನು ಓದಲಿಲ್ಲ.

ಅಂದು ಅವಳು ಗೆದ್ದಳೆಂದು ಹೇಳುವ ಹಾಗಿರಲಿಲ್ಲ. ಸೋಮವಾರ ಹನ್ನೊಂದು ಮಕ್ಕಳು ಮನೆಯಿಂದ ಡಬ್ಬಿ ತಂದರು. ಮುದ್ದಮ್ಮನ ಇಬ್ಬರೂ ಅದರಲ್ಲಿದ್ದರು. ಮಂಗಳವಾರ ಹದಿನೇಳು. ಅನ್ನ ಉಳಿಯಿತು. ಹೆಡ್‌ಮಾಸ್ಟರು ಉಳಿದ ಅನ್ನದ ಪಾತ್ರೆಯೊಳಗೆ ಇಣುಕಿ ನೋಡಿ ಹೋದರು. ರಾತ್ರಿ ಮಲಗಿದಾಗ ಅವಳಿಗೆ ಡಬ್ಬಿಯ ಮುಚ್ಚಳ ತೆಗೆಯುವ ಸದ್ದೇ ಕಿವಿಯಲ್ಲಿ.

ಬುಧವಾರ ಅವಳು ಒಲೆ ಹಚ್ಚುವಾಗ ಮುದ್ದಮ್ಮ ಬಂದು ಅಡುಗೆಕೋಣೆಯ ಬಾಗಿಲಲ್ಲಿ ನಿಂತಳು. ಒಳಗೆ ಬರಲಿಲ್ಲ.

“ಜನ ಒಂದೊಂದು ಹೇಳ್ತಾರೆ ಸಿದ್ದಗಂಗಕ್ಕ. ಏಡ್ಸ್ ಅಂತಾರೆ, ಟಿ.ಬಿ. ಅಂತಾರೆ. ನನಗೆ ನಿದ್ದೆ ಇಲ್ಲ. ಎಂಥದು ಅಂತ ನನಗೊಬ್ಬಳಿಗೆ ಹೇಳಿ.”

ಸಿದ್ದಗಂಗಮ್ಮ ಊದುಗೊಳವೆ ಕೆಳಗಿಟ್ಟಳು. ಹೇಳಿಬಿಟ್ಟರೆ ಹಗುರಾದೀತು ಎಂದು ಒಂದು ಕ್ಷಣ ಅನಿಸಿತು. ಆದರೆ ಗಂಡ ಆಸ್ಪತ್ರೆಯಿಂದ ಬರುವ ಬಸ್ಸಿನಲ್ಲಿ ಅವಳ ಕಾಲಿಗೆ ಕಂಬಳಿ ಸುತ್ತಿ ಕೂರಿಸಿದ್ದು ನೆನಪಾಯಿತು. ಆ ಹೆಸರು ಒಮ್ಮೆ ಬಾಯಿಂದ ಹೊರಟರೆ ಮತ್ತೆ ಹಿಡಿದು ತರಲಾಗದು.

“ಹೆಸರು ಹೇಳಲ್ಲ ಮುದ್ದಮ್ಮ. ನಿನಗೂ ಹೇಳಲ್ಲ. ಆದ್ರೆ ನೀನು ತಾಯಿ, ನಿನಗೆ ಬೇಕಾದ್ದು ಒಂದು ಉತ್ತರ. ಅದು ಕೊಡ್ತೀನಿ. ನನ್ನದು ಕಾಲಿನದ್ದು. ಯಾರಿಗೂ ಹರಡೋದಲ್ಲ. ನನ್ನ ಕೈಯಡುಗೆ ಉಂಡ್ರೆ ಯಾರಿಗೂ ಏನೂ ಆಗಲ್ಲ ಅಂತ ಡಾಕ್ಟರು ಬರೆದು ಕೊಟ್ಟಿದಾರೆ.” ಅವಳು ಕಾಲಿನ ಬಟ್ಟೆ ಬಿಚ್ಚಿ ಗಾಯ ತೋರಿಸಿದಳು. “ಹರಡ್ತದಾ ಇಲ್ವಾ ಅಂತ ಸರೋಜಮ್ಮನ್ನ ಕೇಳು. ಅಷ್ಟು ಹೇಳೋಕೆ ಅವರಿಗೆ ನನ್ನ ಒಪ್ಪಿಗೆ ಇದೆ. ಅದಕ್ಕಿಂತ ಒಂದಕ್ಷರ ಜಾಸ್ತಿ ಇಲ್ಲ.”

ಮುದ್ದಮ್ಮ ಆ ಗಾಯವನ್ನು ಬಹಳ ಹೊತ್ತು ನೋಡಿದಳು. “ಈ ಕಾಲಲ್ಲಿ ದಿನಾ ನಿಲ್ತೀರಾ?” ಎಂದಷ್ಟೇ ಕೇಳಿ ಹೊರಟುಹೋದಳು.

ಅವಳು ಸರೋಜಮ್ಮನ ಹತ್ತಿರ ಹೋಗಿದ್ದು ಸಿದ್ದಗಂಗಮ್ಮನಿಗೆ ಗುರುವಾರ ಸಂಜೆ ತಿಳಿಯಿತು. ಹೇಳಿದವಳು ಸರೋಜಮ್ಮನೇ. ತನ್ನ ಅವಸರದಿಂದ ಆದ ಅನಾಹುತಕ್ಕೆ ಕಣ್ಣೀರು ಹಾಕಿ, “ಹರಡಲ್ಲ ಅಂದೆ. ಮತ್ತೆ ಮತ್ತೆ ಹೆಸರು ಕೇಳಿದ್ಲು, ಹೇಳಲಿಲ್ಲ,” ಎಂದಳು.

ಮಾಸಾಶನ ಆ ವರ್ಷ ಬರಲಿಲ್ಲ. ವಿವರ ಅಪೂರ್ಣ ಎಂದು ಅರ್ಜಿ ಮೂಡಿಗೆರೆಯಿಂದ ಮರಳಿ ಬಂತು. ಸಿದ್ದಗಂಗಮ್ಮ ಸಾವಿತ್ರಮ್ಮನನ್ನು ಜೊತೆಗೆ ಸೇರಿಸಿಕೊಂಡು ಮೇಲಿನ ಕಚೇರಿಗೆ ಬರೆದಳು. ಆ ಕಾಗದಕ್ಕೆ ಉತ್ತರ ಬರಲು ಮುಂದಿನ ಮಳೆಗಾಲ ಕಳೆಯಬೇಕಾಯಿತು. ಡಾಕ್ಟರ ಸರ್ಟಿಫಿಕೇಟು ಸಾಕು, ಸಭೆಯಲ್ಲಿ ಹೆಸರಷ್ಟೇ ಓದಿ ಎಂದಿತ್ತು ಅದರಲ್ಲಿ.

ಆದರೆ ಸರೋಜಮ್ಮ ಬಂದು ಹೇಳಿದ ಮರುದಿನ, ಶುಕ್ರವಾರ, ಊಟದ ಗಂಟೆ ಹೊಡೆದಾಗ ಅದೆಲ್ಲ ಇನ್ನೂ ದೂರವಿತ್ತು. ಸಿದ್ದಗಂಗಮ್ಮ ಸೌಟು ಹಿಡಿದು ಸಾಲಿನ ಮೊದಲಿಗೆ ನಿಂತು, ತಲೆಯೆತ್ತಲು ಹೆದರಿ, ಎದುರಿಗೆ ಬರುವ ತಟ್ಟೆಗಳನ್ನಷ್ಟೇ ನೋಡುತ್ತ ಬಡಿಸಿದಳು. ಮುದ್ದಮ್ಮನ ದೊಡ್ಡ ಮಗ ಡಬ್ಬಿ ಹಿಡಿದು ಮೂಲೆಯಲ್ಲಿ ಕೂತಿದ್ದ. ಅವನ ತಂಗಿ ಖಾಲಿ ತಟ್ಟೆ ಚಾಚಿ, “ಸಾರು ಜಾಸ್ತಿ ಹಾಕಿ,” ಎಂದಳು.