ಇಳಿಜಾರಿನಲ್ಲಿ ದೋಣಿ

"ಅಯ್ಯೋ, ಹಿಡ್ಕೊಳ್ರೀ!" ಎಂದು ಹೆಂಡತಿ ಕೂಗುವಷ್ಟರಲ್ಲಿ ದರ್ಜಿಯ ದೋಣಿ ಟ್ರೇಲರಿನಿಂದ ಜಾರಿ, ದೋಣಿ ಇಳಿಸುವ ಕಾಂಕ್ರೀಟಿನ ಇಳಿಜಾರಿಗೆ ದಡಾರನೆ ಬಿತ್ತು. ನೀರು ಇನ್ನೂ ಹತ್ತು ಮಾರು ಕೆಳಗಿತ್ತು.

ಹೋದ ಸಲ ಇದೇ ಜಾಗದಲ್ಲಿ ಗಾಡಿ ನಿಲ್ಲಿಸಿಕೊಂಡು ದೋಣಿ ಬಿಗಿದ ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚುತ್ತಾ, ಹಿಂದೆ ಸಾಲಿನಲ್ಲಿ ಕಾಯುತ್ತಿದ್ದವರಿಂದ ಮಂಗಳಾರತಿ ಎತ್ತಿಸಿಕೊಂಡಿದ್ದ. ಸಿದ್ಧತೆಯೆಲ್ಲ ಮೇಲಿನ ಬಯಲಲ್ಲೇ ಮುಗಿಸಿ ಇಳಿಯಬೇಕು, ಅದೇ ಇಲ್ಲಿಯ ಮರ್ಯಾದೆ. ಈ ಸಲ ಮಹಾರಾಯನಿಗೆ ಮರ್ಯಾದೆ ತಲೆಗೇರಿತ್ತು. ದೋಣಿ ನೀರು ಮುಟ್ಟುವ ತನಕ ಬಿಚ್ಚಬಾರದ, ಅದನ್ನು ಟ್ರೇಲರಿಗೆ ಹಿಡಿದಿಡುವ ಮುಂದಿನ ಕೊಂಡಿಯನ್ನೂ ಮೇಲೆಯೇ ಬಿಚ್ಚಿ ಬಂದಿದ್ದ.

ಹಿಂದಿನ ಗಾಡಿಯಿಂದ ನರ್ಸಮ್ಮ ಓಡಿ ಬಂದಳು. ಪಕ್ಕದ ಮನೆಯವರ ದೋಣಿ ಎಳೆದು ತಂದಿದ್ದಳು.

"ಅಣ್ಣಾ, ದಾರಿ ಬಿಡಿ! ನಮ್ಮನೆಯವ್ರು ಮಗೂನ ಕರ್ಕೊಂಡು ದೋಣೀಲಿ ಹೋಗಿದ್ದಾರೆ. ಇಂಜಿನ್ ನಿಂತೋಗಿದೆಯಂತೆ, ಗಾಳಿ ಬಂಡೆ ಕಡೆ ತಳ್ತಾ ಇದೆಯಂತೆ. ಈಗ ಫೋನೂ ಎತ್ತುತ್ತಿಲ್ಲ!"

ಸಾಲಿನಲ್ಲಿದ್ದ ಗಾರೆಯವನು ದೋಣಿಯನ್ನು ಅಲ್ಲಾಡಿಸಿ ನೋಡಿದ. "ಎತ್ತೋ ಮಾತೇ ಇಲ್ಲ. ಉಜ್ಜಿಕೊಂಡೇ ನೀರಿಗೆ ತಳ್ಬೇಕು. ತಳ ಉಳಿಯಲ್ಲ, ಮೊದ್ಲೇ ಹೇಳ್ಬಿಟ್ಟಿದ್ದೀನಿ."

ವರ್ಷಗಟ್ಟಲೆ ಕಣ್ಣು ಕಿರಿದು ಮಾಡಿಕೊಂಡು ಹೊಲಿದು ಕೂಡಿಸಿದ ದುಡ್ಡಲ್ಲಿ ಕೊಂಡ ದೋಣಿ. ದರ್ಜಿ ಅದರ ಅಂಚನ್ನೊಮ್ಮೆ ಸವರಿದ. ಹೆಂಡತಿಯ ಮುಖ ನೋಡುವ ಧೈರ್ಯವಾಗಲಿಲ್ಲ.

"ಬಾಯಿ ಬಿಟ್ಕೊಂಡು ನಿಂತಿದ್ದೀರಲ್ಲಾ, ತಳ್ಳಿ!" ಎಂದು ಅವಳೇ ಗದರಿದಳು.

ಎಲ್ಲರೂ ಹೆಗಲು ಕೊಟ್ಟರು. ಕರಕರ ಸದ್ದಿಗೆ ದರ್ಜಿ ಹಲ್ಲು ಕಚ್ಚಿದ. ನೀರಿಗಿಳಿದ ದೋಣಿ ಪಕ್ಕಕ್ಕೆ ವಾಲಿ, ಗುಳುಗುಳು ನೀರು ಕುಡಿಯತೊಡಗಿತು. ಹೆಂಡತಿ ತಮ್ಮ ಗಾಡಿಯನ್ನು ಮೇಲಕ್ಕೆ ಹೊಡೆದಳು. ನರ್ಸಮ್ಮ ತನ್ನ ಗಾಡಿಯನ್ನು ಹಿಮ್ಮುಖವಾಗಿ ನೀರಿನ ತನಕ ತಂದು ದೋಣಿ ಇಳಿಸಿದಳು. ಗಾಡಿಯ ಕೀಲಿಯನ್ನು ದರ್ಜಿಯ ಕಡೆ ಎಸೆದು, ದೋಣಿ ಹತ್ತಿ ಹೊರಟೇಹೋದಳು.

ಅವಳ ಗಾಡಿಯನ್ನು ಬಯಲಲ್ಲಿ ನಿಲ್ಲಿಸಿ ಇಳಿಯುವಾಗ ಹಿಂದಿನ ಸೀಟಿನ ಮೇಲೆ ಪುಟ್ಟದೊಂದು ಲೈಫ್ ಜಾಕೆಟ್ ಕಂಡಿತು. ದರ್ಜಿ ಅದನ್ನು ಕೈಗೆತ್ತಿಕೊಂಡ. ಹಾಗಾದರೆ ಮಗು ಏನನ್ನು ತೊಟ್ಟುಕೊಂಡು ಹೋಗಿದೆ? ಅದನ್ನು ಅವುಚಿಕೊಂಡು ಕೆಳಗೋಡಿದ.

ಇಳಿಜಾರು ಖಾಲಿಯಾಗಿತ್ತು. ಸಾಲಿನಲ್ಲಿ ಈಗ ಎಲ್ಲರಿಗಿಂತ ಮುಂದಿದ್ದ ಗಾರೆಯವನೂ ತನ್ನ ಸರದಿ ಬಿಟ್ಟು ಕಾಯುತ್ತಾ ಗಾಡಿ ಅಲ್ಲಾಡಿಸಿರಲಿಲ್ಲ. ಯಾರೂ ಹಾರನ್ ಹೊಡೆಯಲಿಲ್ಲ.

"ದೋಣಿ ಹಾಳಾಗೋಗ್ಲಿ, ಅವರು ಬಂದ್ರೆ ಸಾಕು," ಎಂದಳು ಹೆಂಡತಿ.

ಬಹಳ ಹೊತ್ತಿನ ಮೇಲೆ ಒಂದು ದೋಣಿ ಇನ್ನೊಂದನ್ನು ಎಳೆದುಕೊಂಡು ಬರುವುದು ಕಾಣಿಸಿತು. ತಲೆಗಳು ಎಷ್ಟೆಂದು ಇಲ್ಲಿಂದ ತಿಳಿಯುವಂತಿರಲಿಲ್ಲ. ದರ್ಜಿ ಸೊಂಟದ ತನಕ ನೀರಿಗಿಳಿದು ಕಿವಿಗೊಟ್ಟ.

ಮಗು ಅಳುತ್ತಿತ್ತು. ಗಂಟಲು ಹರಿಯುವಂತೆ, ದಡಕ್ಕೆಲ್ಲ ಕೇಳುವಂತೆ ಅಳುತ್ತಿತ್ತು.