ಓದಿ ಹೇಳಿದವರು

"ಅಡ್ಡಹೆಸರು ಇನ್ನೊಮ್ಮೆ ಹೇಳಿ," ಎಂದರು ಹೃಷೀಕೇಶರಾವ್, ಅರ್ಜಿಯಿಂದ ತಲೆ ಎತ್ತದೆ.

"ರಾಯಚೂರಕರ," ಎಂದಳು ವಿಮಲಾ.

ಮಾತೆಲ್ಲ ಮರಾಠಿಯಲ್ಲೇ ನಡೆದಿತ್ತು. ಠಾಣೆ ಪಟ್ಟಣದ ನೌಪಾಡಾದಲ್ಲಿ ಸೀರೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಹೃಷೀಕೇಶರಾಯರ ವಕೀಲಿ ಆಫೀಸು. ಕೋಣೆಯ ಮೂರು ಗೋಡೆಗೆ ಕಾನೂನಿನ ಪುಸ್ತಕಗಳು, ನಾಲ್ಕನೆಯದಕ್ಕೆ ಕಿಟಕಿ. ಮೇ ತಿಂಗಳ ಕೊನೆಯ ವಾರದ ಸೆಕೆಗೆ ಆ ಕಿಟಕಿಯಿಂದ ಬರುತ್ತಿದ್ದುದು ಬಸ್ಸುಗಳ ಹೊಗೆ ಮಾತ್ರ. ಒಳಗೆ ಬಂದಾಗ ರಾಯರು ಅವಳನ್ನು ನಗುನಗುತ್ತಾ ಕೂರಿಸಿದ್ದರು. ಜ್ಯೂನಿಯರ್ ಆಗಿ ಹುಡುಗಿಯರನ್ನು ತೆಗೆದುಕೊಂಡ ರೂಢಿ ತಮ್ಮಲ್ಲಿಲ್ಲ, ಆದರೆ ಒಳ್ಳೆಯ ಮನೆತನದವರಾದರೆ ಯೋಚಿಸಬಹುದು ಎಂದಿದ್ದರು. ಈಗ ಕನ್ನಡಕ ತೆಗೆದು, ರಾಯಚೂರಕರ ಎಂದರೆ ದೇಶಸ್ಥ ಬ್ರಾಹ್ಮಣರಲ್ಲವೇ, ಅಲ್ಲಿ ತಮ್ಮ ತಾಯಿಯ ಕಡೆಯವರೂ ಇದ್ದಾರೆ, ಯಾವ ಮಠದವರು ನೀವು ಎಂದು ಕೇಳಿದರು.

ಒಂಬತ್ತು ಆಫೀಸುಗಳಿಗೆ ಅರ್ಜಿ ಹಾಕಿ, ಇದೊಂದರಿಂದಲೇ ಮನೆಗೆ ಕಾಗದ ಬಂದದ್ದೇಕೆ ಎಂಬುದು ವಿಮಲಾಗೆ ಆಗ ತಿಳಿಯಿತು. ಕಾನೂನು ಪರೀಕ್ಷೆಯಲ್ಲಿ ಮೊದಲ ದರ್ಜೆ ಬಂದುದಕ್ಕಲ್ಲ. ಡೊಂಬಿವಲಿಯ ಟೈಪಿಂಗ್ ಕ್ಲಾಸಿನಲ್ಲಿ ಹಗಲೆಲ್ಲ ಕಲಿಸಿ, ಸಂಜೆ ಕಾಲೇಜಿಗೆ ಓಡಿ ಓದಿದ್ದಕ್ಕೂ ಅಲ್ಲ. ಕಲ್ಯಾಣದ ಮುನಸಿಪಾಲ್ಟಿ ಶಾಲೆಗೆ ಸೇರಿಸಲು ಅಪ್ಪ ಅವಳನ್ನು ಕರೆದೊಯ್ದಿದ್ದಾಗ ಹೆಡ್‌ಮಾಸ್ತರರು ಮಗುವಿನ ಹೆಸರು ಕೇಳಿದ್ದರು, ತಂದೆಯ ಹೆಸರು ಕೇಳಿದ್ದರು, ಆಮೇಲೆ ಅಡ್ಡಹೆಸರು ಕೇಳಿದ್ದರು. ಅಪ್ಪನಿಗೆ ಹೇಳಲು ಮೂರನೆಯ ಹೆಸರು ಇರಲಿಲ್ಲ. ಯಾವ ಜಿಲ್ಲೆಯವನಪ್ಪ ನೀನು ಎಂದು ಕೇಳಿ ಅವರೇ ರಾಯಚೂರಕರ ಎಂದು ಖಾನೆ ತುಂಬಿಸಿಬಿಟ್ಟಿದ್ದರು.

ತಲೆಯಾಡಿಸಿ ಸುಮ್ಮನಿರಬಹುದಿತ್ತು. ಒಂದು ಗಳಿಗೆ ಅವಳಿಗೆ ಹಾಗೆ ಅನ್ನಿಸಿತು ಕೂಡ. ಮಠದ ಹೆಸರು ಕೇಳಿದರೆ ಏನು ಹೇಳುವುದು ಎಂಬ ಭಯವೋ, ಇನ್ನೇನೋ, ಅವಳ ಬಾಯಿಂದ ನಿಜವೇ ಬಂತು. ತಂದೆ ಮಾನಪ್ಪ ಕಲ್ಯಾಣದ ಗೂಡ್ಸ್ ಯಾರ್ಡಿನಲ್ಲಿ ಹಮಾಲಿ ಮಾಡುತ್ತಾನೆ, ಅಡ್ಡಹೆಸರು ಶಾಲೆಯಲ್ಲಿ ಬರೆದುಕೊಂಡದ್ದು ಎಂದಳು.

"ಅಚ್ಛಾ," ಎಂದರು ರಾಯರು.

ಮುಖದ ಮೇಲಿನ ನಗು ಹೋಗಲಿಲ್ಲ. ಆದರೆ ಅದು ಅವಳಿಗಾಗಿ ಇದ್ದ ನಗುವಾಗಿ ಉಳಿಯಲಿಲ್ಲ. ಅರ್ಜಿಯನ್ನು ಮಡಚಿ ಬೇರೆ ಕಾಗದಗಳ ಕೆಳಗಿಟ್ಟರು. ಕಷ್ಟಪಟ್ಟು ಓದಿದ್ದೀರಿ, ಮೆಚ್ಚಬೇಕಾದದ್ದು, ತಿಳಿಸುತ್ತೇವೆ ಎಂದರು. ಅರ್ಜಿ ಕೊಡಲು ಹೋದಲ್ಲೆಲ್ಲ ಕೇಳಿದ್ದ ಈ ಮಾತಿನ ಅರ್ಥ ಅವಳಿಗೆ ಹೊಸದಲ್ಲ. ಸರ್ಟಿಫಿಕೇಟುಗಳನ್ನು ಎತ್ತಿಕೊಂಡು ಎದ್ದಳು.

ಆ ಹೊತ್ತಿಗೆ ಆಫೀಸಿನ ಹಳೆಯ ಗುಮಾಸ್ತ ಭುಜಂಗ ಬಾಗಿಲಲ್ಲಿ ತಲೆ ಹಾಕಿ, ಬೇಲಾಪುರದ ಹೆಂಗಸನ್ನು ಕೂಲಿಯಾಳುಗಳ ಮೇಸ್ತ್ರಿ ಮುಕಾದಮ್ ಕರೆತಂದು ಕೂರಿಸಿ ಹೋಗಿದ್ದಾನೆ ಎಂದ. ಅವಳಿಗೆ ಮರಾಠಿ ಬರುವುದಿಲ್ಲ, ಹಿಂದಿಯೂ ಅಷ್ಟಕ್ಕಷ್ಟೆ ಎಂದ. ರಾಯರು ಹಣೆ ಉಜ್ಜಿಕೊಂಡರು. ಆಮೇಲೆ ಬಾಗಿಲ ಬಳಿ ನಿಂತಿದ್ದ ವಿಮಲಾಳನ್ನು ನೋಡಿದರು.

"ಮನೆಯಲ್ಲಿ ಕನ್ನಡ ಮಾತಾಡ್ತೀರಾ? ರಾಯಚೂರಿನ ಕನ್ನಡ?"

ಹೌದು ಎಂದಳು.

"ಕೂತುಕೊಳ್ಳಿ."

ಅರ್ಜಿ ಕಾಗದಗಳ ಕೆಳಗಿನಿಂದ ಮತ್ತೆ ಮೇಲೆ ಬಂತು. ಬೇಲಾಪುರದಲ್ಲಿ ಏಳುತ್ತಿದ್ದ ನಾಲ್ಕಂತಸ್ತಿನ ಕಟ್ಟಡವೊಂದರಲ್ಲಿ ಏಪ್ರಿಲಿನಲ್ಲಿ ಬಾಲಮ್ಮ ಎಂಬ ಕೂಲಿ ಹೆಂಗಸು ಮೇಲಿನಿಂದ ಬಿದ್ದು ಸತ್ತಿದ್ದಳು. ಕಟ್ಟಡದ ಗುತ್ತಿಗೆದಾರ ರಾಯರ ಕಕ್ಷಿದಾರ. ಮುಂದಿನ ವಾರ ವಿಚಾರಣೆ. ಬಾಲಮ್ಮ ಬಿದ್ದದ್ದನ್ನು ಕಂಡವಳು ಒಬ್ಬಳೇ, ಅವಳ ಜೊತೆಗಾತಿ ಮರೆಮ್ಮ. ಆಕೆಯ ಹೇಳಿಕೆ ಮರಾಠಿಯಲ್ಲಿ ಟೈಪಾಗಿ ಸಿದ್ಧವಿದೆ. ಅದನ್ನು ಅವಳ ಭಾಷೆಯಲ್ಲಿ ಓದಿ ಹೇಳಿ ಹೆಬ್ಬೆಟ್ಟು ಹಾಕಿಸಬೇಕು, ಓದಿ ಹೇಳಿದವರು ಕೆಳಗೆ ಸಹಿ ಮಾಡಬೇಕು. ಇಷ್ಟನ್ನು ರಾಯರು ಎರಡು ನಿಮಿಷದಲ್ಲಿ ವಿವರಿಸಿದರು. ಇದನ್ನೇ ನಿಮ್ಮ ಪರೀಕ್ಷೆ ಎಂದುಕೊಳ್ಳಿ, ಸರಿಯಾಗಿ ಆದರೆ ಒಂದನೇ ತಾರೀಖಿನಿಂದ ಬನ್ನಿ ಎಂದು ಎರಡು ಹಾಳೆಗಳನ್ನು ಅವಳ ಕೈಗೆ ಕೊಟ್ಟರು.

ಭುಜಂಗ ಅವಳನ್ನು ಹಿಂದಿನ ಕೋಣೆಗೆ ಕರೆದೊಯ್ದ. ಅವನು ಕುಂದಾಪುರದ ಕಡೆಯವನು. ನಿಮಗೂ ಕನ್ನಡ ಬರುತ್ತದಲ್ಲ, ನೀವೇ ಓದಿ ಹೇಳಬಹುದಿತ್ತಲ್ಲ ಎಂದು ವಿಮಲಾ ದಾರಿಯಲ್ಲಿ ಕೇಳಿದಳು.

"ಅವರ ಮಾತು ನಂಗೆ ತಿಳೀತದೆ," ಎಂದ ಭುಜಂಗ. "ಸಹಿ ಹಾಕುದು ಮಾತ್ರ ಆಗುದಿಲ್ಲ. ಇಪ್ಪತ್ತೆರಡು ವರ್ಷ ಆಯ್ತು ಇಲ್ಲಿ, ಒಂದು ಕಾಗದದಲ್ಲಿ ನನ್ನ ಹೆಸರಿಲ್ಲ." ಹೇಳಿ ಬಾಗಿಲು ಅರ್ಧ ಮುಂದಕ್ಕೆಳೆದು ಹೊರಗೆ ತನ್ನ ಜಾಗದಲ್ಲಿ ಕೂತ.

ಎರಡು ಕುರ್ಚಿ ಖಾಲಿ ಇದ್ದರೂ ಮರೆಮ್ಮ ನೆಲದ ಮೇಲೆ ಕೂತಿದ್ದಳು. ನಲವತ್ತರ ಆಸುಪಾಸು. ಕೂದಲಿನ ಬುಡದಲ್ಲಿ ಸಿಮೆಂಟಿನ ಪುಡಿ ತೊಳೆದರೂ ಹೋಗದೆ ನಿಂತಿತ್ತು. ವಿಮಲಾ ತಾನೂ ನೆಲದ ಮೇಲೆ ಕೂತು ಯಾವೂರವ್ವ ಎಂದು ಕೇಳಿದಾಗ ಅವಳ ಮುಖ ಅರಳಿತು. ಲಿಂಗಸುಗೂರಿನ ಹತ್ತಿರದ ಹಳ್ಳಿ. ತನ್ನ ತಂದೆತಾಯಿ ದೇವದುರ್ಗದ ಕಡೆಯವರು ಎಂದು ವಿಮಲಾ ಹೇಳಿದಳು. ಕರಿ ಕೋಟಿನವರ ಮನೆಯಲ್ಲಿ ನಮ್ಮ ಮಂದಿ ಇದ್ದಾರೆಂದು ತನಗೆ ಗೊತ್ತೇ ಇರಲಿಲ್ಲ ಎಂದು ಮರೆಮ್ಮ ಅವಳ ಮೊಣಕಾಲಿನ ಮೇಲೆ ಕೈಯಿಟ್ಟಳು.

ಓದುವ ಮೊದಲು ಅಂದು ನಡೆದದ್ದೇನು ಹೇಳು ಎಂದಳು ವಿಮಲಾ. ಹಾಗೆ ಕೇಳಲು ಅವಳಿಗೆ ಯಾರೂ ಹೇಳಿರಲಿಲ್ಲ.

ಮರೆಮ್ಮ ಹೇಳಿದಳು. ಮೂರನೇ ಅಂತಸ್ತಿನ ಹೊರಗೋಡೆಗೆ ಗಾರೆಯ ಗಿಲಾವು ನಡೆದಿತ್ತು. ಬಿದಿರು ಕಟ್ಟಿದ ಪರಾಂಚಿಯ ಅಟ್ಟಣೆಯ ಮೇಲೆ ಇಬ್ಬರೂ ಗಾರೆ ಬುಟ್ಟಿ ಹೊತ್ತು ಓಡಾಡುತ್ತಿದ್ದರು. ಬಿದಿರು ಬಿಗಿದ ಹಗ್ಗ ಹೋದ ಮಳೆಗಾಲದ್ದು, ಕೈಯಲ್ಲಿ ಹಿಡಿದರೆ ನಾರು ಉದುರುತ್ತಿತ್ತು. ಬಾಲಮ್ಮನೇ ಮುಕಾದಮನಿಗೆ ಎರಡು ಸಲ ತೋರಿಸಿದ್ದಳು. ಮಧ್ಯಾಹ್ನ ಊಟಕ್ಕೆ ಇಳಿಯುವ ಮುಂಚಿನ ಕೊನೆಯ ಬುಟ್ಟಿ. ಮುಂದೆ ಬಾಲಮ್ಮ, ಹಿಂದೆ ತಾನು. ಹಲಗೆ ವಾಲಿತು. ತನ್ನ ಕೈಗೆ ಕಿಟಕಿಯ ಕಂಬಿ ಸಿಕ್ಕಿತು.

"ಆಕಿ ಕೈಗೆ ಏನೂ ಸಿಗಲಿಲ್ಲ," ಎಂದಳು.

ವಿಮಲಾ ಹಾಳೆ ತೆರೆದಳು. ಮರಾಠಿಯನ್ನು ಕಣ್ಣಿನಿಂದ ಓದುತ್ತಾ ಕನ್ನಡದಲ್ಲಿ ಹೇಳತೊಡಗಿದಳು. ಅಂದು ಬಾಲಮ್ಮ ಕೆಲಸಕ್ಕೆ ಬಂದಿರಲಿಲ್ಲ. ಗಂಡ ಜಟ್ಟೆಪ್ಪನಿಗೆ ಬುತ್ತಿ ತಂದಿದ್ದಳು. ಬೇಡವೆಂದರೂ ಕೇಳದೆ ತಾನಾಗಿ ಮೇಲೆ ಹತ್ತಿದಳು. ಪರಾಂಚಿಯ ಹಗ್ಗಗಳು ಹೊಸವಾಗಿದ್ದವು. ತಲೆ ಸುತ್ತಿ ಬಿದ್ದಳು. ಓದುತ್ತಾ ಓದುತ್ತಾ ದನಿ ಇಳಿಯಿತು. ಆದರೂ ಒಂದು ಸಾಲನ್ನೂ ಬಿಡಲಿಲ್ಲ, ಒಂದನ್ನೂ ಮೆತ್ತಗೆ ಮಾಡಲಿಲ್ಲ. ಹೆಂಗಸು ಇದನ್ನು ಕೇಳಿ ಎದ್ದು ಹೋಗಲಿ ಎಂಬ ಆಸೆ ಅವಳೊಳಗಿತ್ತು. ಎದ್ದು ಹೋದರೆ ನೌಕರಿ ಹೋಗುತ್ತದೆಂಬುದೂ ಗೊತ್ತಿತ್ತು. ಹೋದರೆ ಹೋಗಲಿ, ಕನಿಷ್ಠ ತಾನು ಮೋಸ ಮಾಡಿದಂತಾಗುವುದಿಲ್ಲ ಎಂದುಕೊಂಡಳು.

"ನೀ ಹೇಳಿದ್ದು ಇದರಾಗ ಒಂದೂ ಇಲ್ಲ," ಎಂದಳು. "ಎಲ್ಲಾ ಸುಳ್ಳು ಬರದಾರ. ನಿನಗ ತಿಳೀತಿಲ್ಲೋ?"

ಮರೆಮ್ಮನಿಗೆ ಆಶ್ಚರ್ಯವಾಗಲಿಲ್ಲ.

"ತಿಳೀದೇನವ್ವ. ಮುಕಾದಮ್ ನಿನ್ನೀನೇ ಹೇಳ್ಯಾನ, ಹಿಂಗಿಂಗ ಬರದಿರತಾರ, ಒತ್ತಿ ಬಾ ಅಂತ."

"ಮತ್ತ ಒತ್ತತಿ?"

"ಜಟ್ಟೆಪ್ಪ ಒತ್ಯಾನ. ಹೇಣ್ತಿನ ಕಳಕೊಂಡಾಂವ ಒತ್ತಿದ ಮ್ಯಾಲ ನಂದೇನು?"

ಆಮೇಲೆ ಅವಳು ನಿಧಾನವಾಗಿ ತಮ್ಮ ಸ್ಥಿತಿ ಹೇಳಿದಳು. ಆ ಕಟ್ಟಡದ ಹಿಂದೆ ಹನ್ನೊಂದು ಜೋಪಡಿ ಇವೆ, ಎಲ್ಲವೂ ಅವರ ಊರಿನವರವೇ. ಜಾಗ ಗುತ್ತಿಗೆದಾರನದು, ತಗಡೂ ಅವನದೇ. ವಾರದಲ್ಲಿ ಮಳೆ ಹಿಡಿಯುತ್ತದೆ. ಮರೆಮ್ಮ ಒತ್ತದೆ ಬಂದರೆ ಹನ್ನೊಂದರ ತಗಡೂ ಅವತ್ತೇ ಇಳಿಯುತ್ತದೆ ಎಂದು ಮುಕಾದಮ್ ಎಲ್ಲರೆದುರು ಹೇಳಿದ್ದಾನೆ. ಬಾಲಮ್ಮನ ಎರಡು ಮಕ್ಕಳು ಅದರಲ್ಲೊಂದರಲ್ಲಿ ಇವೆ, ಸಣ್ಣದಕ್ಕೆ ಇನ್ನೂ ನಡೆಯಲು ಬಾರದು.

ವಿಚಾರಣೆಯವರ ಮುಂದೆ ನಿಜ ಹೇಳಿದರೆ ಕಾನೂನು ಇದೆ, ರಕ್ಷಣೆ ಇದೆ, ಅರ್ಜಿ ಕೊಡಬಹುದು ಎಂದು ವಿಮಲಾ ಶುರುಮಾಡಿದಳು. ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕ ಪಡೆದ ಉತ್ತರಗಳು ಅವು. ಮರೆಮ್ಮ ಮಗುವಿನ ಮಾತು ಕೇಳುವಂತೆ ಪೂರ್ತಿ ಕೇಳಿದಳು.

"ನೀ ಓದಿದಾಕಿ. ನೀ ಒತ್ತಬ್ಯಾಡ ಅನ್ನು, ನಾ ಒತ್ತಂಗಿಲ್ಲ," ಎಂದಳು. "ಆದ್ರ ಇವತ್ತ ರಾತ್ರಿ ಅಷ್ಟೂ ಮಂದೀನ ಎಲ್ಲಿ ಕರಕೊಂಡು ಹೋಗ್ಲಿ, ಅದನ್ನೂ ನೀನಾ ಹೇಳಬೇಕು. ನಿಮ್ಮನಿಗೆ ಬರ್ಲೇನು?"

ಅದರಲ್ಲಿ ಕೊಂಕು ಇರಲಿಲ್ಲ. ಅವಳು ನಿಜವಾಗಿ ಕೇಳಿದ್ದಳು, ಉತ್ತರಕ್ಕೆ ಕಾದಳು. ಕಲ್ಯಾಣದ ಕೋಳಸೇವಾಡಿಯಲ್ಲಿನ ತಮ್ಮ ಮನೆಯ ಒಂದೇ ಕೋಣೆ ವಿಮಲಾಳ ಕಣ್ಣಿಗೆ ಬಂತು. ಅಪ್ಪ, ಅವ್ವ, ತಾನು, ಊರಿಂದ ಬಂದು ಉಳಿದ ದೊಡ್ಡಪ್ಪ. ಹೊರಗೆ ಭುಜಂಗನ ಕುರ್ಚಿ ಕಿರುಗುಟ್ಟಿತು. ಅವನೂ ಕೇಳಿಸಿಕೊಳ್ಳುತ್ತಿದ್ದ. ವಿಮಲಾ ಹಾಳೆಗಳನ್ನು ಇಬ್ಬರ ನಡುವೆ ನೆಲದ ಮೇಲಿಟ್ಟಳು.

ಮರೆಮ್ಮ ತಾನೇ ಶಾಯಿಯ ಡಬ್ಬಿಯನ್ನು ಹತ್ತಿರ ಎಳೆದುಕೊಂಡಳು. ಎಲ್ಲಿ ಎಂದು ಕೇಳಿದಳು. ವಿಮಲಾ ಬೆರಳಿಟ್ಟು ತೋರಿಸಿದಳು.

ಅದರ ಕೆಳಗೆ ಒಂದು ಸಾಲು ಟೈಪಾಗಿತ್ತು: ಮೇಲಿನ ಹೇಳಿಕೆಯನ್ನು ಸದರಿ ಮಹಿಳೆಗೆ ಆಕೆಯ ಮಾತೃಭಾಷೆಯಲ್ಲಿ ಓದಿ ಹೇಳಿದ್ದೇನೆ, ಆಕೆ ಪೂರ್ತಿ ಅರ್ಥಮಾಡಿಕೊಂಡು ಸ್ವಇಚ್ಛೆಯಿಂದ ಹೆಬ್ಬೆಟ್ಟು ಹಾಕಿದ್ದಾಳೆ. ಓದಿ ಹೇಳಿದ್ದೂ ನಿಜ, ಅರ್ಥವಾದದ್ದೂ ನಿಜ. ವಿಮಲಾ ಮೂರನೆಯ ಮಾತಿನ ಮೇಲೆ ಪೆನ್ನು ಹಿಡಿದು ಸ್ವಲ್ಪ ಹೊತ್ತು ಕೂತಳು. ಆಮೇಲೆ ತನ್ನ ಪೂರ್ತಿ ಹೆಸರು ಬರೆದಳು.

ರಾಯರ ಮೇಜಿನ ಮೇಲೆ ಹಾಳೆಗಳನ್ನಿಟ್ಟು, ಹೆಂಗಸು ಹೇಳುವ ಘಟನೆಯೇ ಬೇರೆ, ತಾನು ಆಕೆಗೆ ಇದೆಲ್ಲ ಸುಳ್ಳು ಎಂದು ಸ್ಪಷ್ಟವಾಗಿ ತಿಳಿಸಿದ್ದೇನೆ ಎಂದಳು. ಬೈಯಲಿ, ಹೊರಗೆ ಹೋಗು ಎನ್ನಲಿ ಎಂದು ನಿಂತಳು. ರಾಯರು ಹೆಬ್ಬೆಟ್ಟಿನ ಗುರುತನ್ನು ಬೆಳಕಿಗೆ ಹಿಡಿದು ನೋಡಿದರು.

"ಒಳ್ಳೆಯದಾಯಿತು," ಎಂದರು. "ಸಂಕರ್ಷಣ ಅಂತ ಒಬ್ಬ ಇದ್ದ ನಮ್ಮಲ್ಲಿ. ಅರ್ಧ ಓದಿ, ಅರ್ಧ ತಾನೇ ಕಟ್ಟಿ ಹೇಳುತ್ತಿದ್ದ. ಪಾಟೀ ಸವಾಲಿನಲ್ಲಿ ಸಾಕ್ಷಿಗಳೆಲ್ಲ, ನಮಗೆ ಬೇರೆಯೇ ಹೇಳಿದ್ದರು ಎಂದುಬಿಟ್ಟರು. ಮೂರು ಕೇಸು ಹೋಯಿತು. ಸುಳ್ಳು ಓದಿ ಹೇಳುವವರು ನನಗೆ ಬೇಡ."

ಅರ್ಜಿಯ ಮೂಲೆಯಲ್ಲಿ ಏನೋ ಗೀಚಿ ಭುಜಂಗನನ್ನು ಕರೆದು ಕೊಟ್ಟರು. ಒಂದನೇ ತಾರೀಖು, ಹತ್ತು ಗಂಟೆಗೆ.

ಮರೆಮ್ಮನಿಗೆ ಬಸ್ಸಿನ ಬೋರ್ಡು ಓದಲು ಬಾರದು, ಮುಕಾದಮ್ ಹೊರಟುಹೋಗಿದ್ದ. ವಿಮಲಾ ಅವಳನ್ನು ಸ್ಟೇಷನ್ನಿನವರೆಗೆ ಕರೆದೊಯ್ದು ಬೇಲಾಪುರದ ಬಸ್ಸು ಹತ್ತಿಸಿದಳು. ಕಿಟಕಿಯ ಬಳಿ ಸೀಟು ಸಿಕ್ಕಮೇಲೆ ಮರೆಮ್ಮ ಹೊರಗೆ ಬಾಗಿದಳು.

"ನಿನ್ನ ಕೆಲಸ ಆತಿಲ್ಲೋ?"

"ಆತು."

"ಛಲೋ ಆತು ಬಿಡು. ಮಾರಿ ಸಣ್ಣ ಮಾಡಬ್ಯಾಡ," ಎಂದಳು, ಮಗಳನ್ನು ಸಮಾಧಾನ ಮಾಡುವವಳಂತೆ. ಬಸ್ಸು ಹೊರಟಿತು.

ಮನೆಯಲ್ಲಿ ಅವ್ವ ಚಂದ್ರಬಾಯಿ ಸುದ್ದಿ ಕೇಳಿ ಅಕ್ಕಪಕ್ಕದ ಬಾಗಿಲುಗಳಿಗೆಲ್ಲ ಹೋಗಿ ಬಂದಳು. ಓಣಿಯಲ್ಲಿ ವಕೀಲಳಾದವಳು ಇವಳೊಬ್ಬಳೇ. ಅಪ್ಪ ಯಾರ್ಡಿನಿಂದ ಬಂದು, ಕೈಕಾಲು ತೊಳೆದು, ಊಟಕ್ಕೆ ಕೂತಮೇಲೆ ಒಂದೇ ಪ್ರಶ್ನೆ ಕೇಳಿದ.

"ಯಾರ ಕಡೀ ವಕೀಲರು ಅವರು?"

ವಿಮಲಾ ನೀರಿನ ಲೋಟ ತುಂಬಿಸಿ ಅವನ ಮುಂದಿಟ್ಟಳು. ಎಲ್ಲಾರ ಕಡೀನೂ ಎಂದಳು. ಮಾನಪ್ಪ ಮೂವತ್ತು ವರ್ಷ ಸಾಹೇಬರ ಮೂಟೆ ಹೊತ್ತವನು. ಮಗಳ ಮುಖ ನೋಡಿ ರೊಟ್ಟಿ ಮುರಿದುಕೊಂಡ.

ಒಂದನೇ ತಾರೀಖು ಬೆಳಿಗ್ಗೆ ಮೊದಲ ಮಳೆ ಬಿದ್ದು ರೈಲು ತಡವಾಗಿತ್ತು. ಆದರೂ ಹತ್ತಕ್ಕೆ ಐದು ನಿಮಿಷವಿರುವಾಗಲೇ ಅವಳು ಮೆಟ್ಟಿಲು ಹತ್ತಿದಳು. ಹಿಂದಿನ ಕೋಣೆಯಲ್ಲಿ ಅವಳಿಗೊಂದು ಮೇಜು ಹಾಕಿದ್ದರು, ಮೇಲೊಂದು ಫ್ಯಾನು. ಭುಜಂಗ ಒಂದು ಕಟ್ಟು ಕಾಗದ ತಂದು ಮೇಜಿನ ಮೇಲಿಟ್ಟ. ಸೈಕ್ಲೋಸ್ಟೈಲ್ ಮಾಡಿದ ನೂರು ಹಾಳೆ. ಶಾಯಿಯ ವಾಸನೆ ಇನ್ನೂ ಹೋಗಿರಲಿಲ್ಲ.

"ಸಾಹೇಬರು ಹೇಳಿದ್ರು, ದಿನಾ ಟೈಪ್ ಮಾಡುದು ಯಾಕೆ ಅಂತ. ಕಲ್ವಾದಿಂದ ಇವತ್ತು ನಾಲ್ಕು ಜನ ಹೆಬ್ಬೆಟ್ಟು ಒತ್ಲಿಕ್ಕೆ ಬರ್ತಾರೆ," ಎಂದು ಹೇಳಿ, ಅವಳ ಕಡೆ ನೋಡದೆ ಹೊರಟುಹೋದ.

ಎಲ್ಲ ಹಾಳೆಗಳ ಮೇಲ್ಭಾಗ ಖಾಲಿಯಿತ್ತು. ಕೆಳಗೆ ಮಾತ್ರ ಸ್ವಇಚ್ಛೆಯ ಆ ಸಾಲು, ಓದಿ ಹೇಳಿದವರು ಎಂಬಲ್ಲಿ ಅವಳ ಹೆಸರು. ಫ್ಯಾನಿನ ಗಾಳಿಗೆ ಮೇಲಿನ ನಾಲ್ಕೈದು ಹಾಳೆಗಳು ಏಳತೊಡಗಿದವು. ವಿಮಲಾ ಚೀಲದಿಂದ ಬುತ್ತಿಯ ಡಬ್ಬಿ ತೆಗೆದು ಅವುಗಳ ಮೇಲಿಟ್ಟಳು.